ಮೂರು ಮೀಟರಿನ ಪಟ್ಟಿ

ದಾಂಡೇಲಿಯ ಇತಿಹಾಸದಲ್ಲಿ ದಾಖಲಾಗಬೇಕಾದ, ಆದರೆ ಯಾರೂ ದಾಖಲಿಸುವ ಸಾಧ್ಯತೆ ಇಲ್ಲದ ಸಂಗತಿಯೊಂದು ಈ ಶ್ರಾವಣದ ಎರಡನೆಯ ಸೋಮವಾರ ಸಂಜೆ ನಾಲ್ಕು ಗಂಟೆ ಇಪ್ಪತ್ತು ನಿಮಿಷಕ್ಕೆ ನಡೆಯಿತು. ಬಂಗೂರನಗರಕ್ಕೆ ತಾಗಿದ ಓಣಿಯಲ್ಲಿ, ಅಡಿವೆಯ್ಯನವರ ಮನೆಯ ಹಿಂದಿನ ಕೋಣೆಯಲ್ಲಿ, ಗೇಣುದ್ದದ ನೀಲಿ ರೈಲು ಎಂಜಿನ್ ಒಂದು ಗೇಣುದ್ದದ ಕೆಂಪು ಎಂಜಿನ್ನಿನ ಬೆನ್ನಿಗೆ ಹೋಗಿ ಮುಟ್ಟಿತು. ಮುಟ್ಟಿದ್ದು ಮೆತ್ತಗೆ. ಯಾವುದೂ ಹಳಿ ತಪ್ಪಲಿಲ್ಲ, ಯಾವುದಕ್ಕೂ ಗೀರು ಬೀಳಲಿಲ್ಲ.

ಆದರೆ ಮುಟ್ಟಬಾರದಿತ್ತು.

ಎರಡೂ ಎಂಜಿನ್‌ಗಳನ್ನು ಮೊಟ್ಟೆಯಾಕಾರದ ಒಂದೇ ಹಳಿಯ ಮೇಲೆ, ಎದುರುಬದುರು ಬದಿಗಳಲ್ಲಿ ಇಟ್ಟು, ಒಂದೇ ದಿಕ್ಕಿಗೆ ಬಿಡಲಾಗಿತ್ತು. ವೇಗ ಒಂದೇ ಆಗಿದ್ದರೆ ನಡುವಿನ ಅಂತರ ಪ್ರಳಯದವರೆಗೂ ಹಾಗೇ ಇರಬೇಕು. ಅಡಿವೆಯ್ಯನವರು ಪ್ರಳಯದವರೆಗೆ ಕೇಳಿರಲಿಲ್ಲ. ಒಂದು ಗಂಟೆ ಕೇಳಿದ್ದರು. ಮೂವತ್ತಮೂರನೆಯ ನಿಮಿಷಕ್ಕೇ ನೀಲಿಯದು ಕೆಂಪಿನದನ್ನು ಹಿಡಿದುಬಿಟ್ಟಿತು. ಈ ಮೂವತ್ತಮೂರು ನಿಮಿಷವೂ ಕೋಣೆಯಲ್ಲಿದ್ದ ನಾಲ್ಕು ಜನ ಬಾಯಿಬಿಡದೆ ನೋಡುತ್ತ ಕೂತಿದ್ದರು. ಊರಿನ ಅಂಬೇವಾಡಿ ನಿಲ್ದಾಣಕ್ಕೆ ಬರುವ ನಿಜವಾದ ರೈಲಿನ ಮೇಲೆ ಊರು ಯಾವತ್ತೂ ಇಷ್ಟು ಗಮನ ಇಟ್ಟದ್ದಿಲ್ಲ.

ವೇಗ ಯಾಕೆ ಒಂದೇ ಇರಬೇಕು ಎಂದರೆ, ಅಡಿವೆಯ್ಯನವರ ಪುಟ್ಟ ರೈಲು ಘಟ್ಟ ಹತ್ತಬೇಕಿತ್ತು. ಹದಿನೆಂಟು ಡಬ್ಬಿಯ ಕಟ್ಟಿಗೆ ರೈಲನ್ನು ಒಂದು ಎಂಜಿನ್ ಎಳೆಯಲಾರದು, ಎರಡು ಬೇಕು. ಎರಡರ ವೇಗ ಬೇರೆಯಾದರೆ ಜೋಡೆತ್ತಿನಲ್ಲಿ ಒಂದು ಓಡಿ ಒಂದು ನಡೆದಂತೆ. ಎಂಜಿನ್ನಿನ ಹೊಟ್ಟೆಯಲ್ಲಿರುವ ಚಿಪ್‌ನಲ್ಲಿ ವೇಗದ ಪ್ರತಿಯೊಂದು ಮೆಟ್ಟಿಲಿಗೂ ಒಂದು ಸಂಖ್ಯೆ ಇರುತ್ತದೆ. ಆ ಸಂಖ್ಯೆಯನ್ನು ತಿದ್ದಿ ತಿದ್ದಿ, ಗೊತ್ತಾದ ದೂರವನ್ನು ಗೊತ್ತಾದ ಸಮಯದಲ್ಲಿ ಓಡುವಂತೆ ಎರಡನ್ನೂ ಹೊಂದಿಸಬೇಕು. ಇವರು ಇಟ್ಟುಕೊಂಡ ಲೆಕ್ಕ ಮೂರು ಮೀಟರಿಗೆ ಹದಿನೈದು ಸೆಕೆಂಡು.

ಅಡಿವೆಯ್ಯನವರು ಕಾಗದದ ಕಾರ್ಖಾನೆಯ ಪ್ರಯೋಗಾಲಯದಲ್ಲಿ ಮೂವತ್ತೊಂದು ವರ್ಷ ಕಾಗದದ ದಪ್ಪ, ತೂಕ, ಹರಿಯುವ ಬಲ ಅಳೆದು ನಿವೃತ್ತರಾದವರು. ಊಟಕ್ಕೆ ಕೂತರೆ ರೊಟ್ಟಿಯ ಅಂಚನ್ನೂ ಹೆಬ್ಬೆರಳು ತೋರುಬೆರಳುಗಳ ನಡುವೆ ಒಮ್ಮೆ ಉಜ್ಜಿ ನೋಡುವರು. ಹೆಂಡತಿ ಶಾಂತಾದೇವಿ ಮೊದಮೊದಲು ಇದನ್ನು ಅವಮಾನವೆಂದು ತಿಳಿದಿದ್ದರು. ಆಮೇಲೆ ಹವಾಮಾನವೆಂದು ತಿಳಿದು ಸುಮ್ಮನಾದರು.

ಮಿಂಗೇಲ್ ಹಳಿಯಾಳದಲ್ಲಿ ಸುಟ್ಟ ಮೋಟಾರುಗಳಿಗೆ ತಂತಿ ಸುತ್ತುವ ಅಂಗಡಿ ಇಟ್ಟವರು, ಅಲ್ಲೇ ಹತ್ತಿರದ ಸಿದ್ದಿಗಳ ಹಳ್ಳಿಯವರು. ನಾಲ್ಕು ವರ್ಷದ ಹಿಂದೆ ನೀರಿನ ಪಂಪು ರಿಪೇರಿಗೆ ಬಂದು, ಹಿಂದಿನ ಕೋಣೆಯ ರೈಲು ಕಂಡು, ಪಂಪು ಮರೆತು ಕೂತವರು ಆಮೇಲೆ ಸೋಮವಾರ ತಪ್ಪಿಸಿರಲಿಲ್ಲ. ಕೆಂಪು ಎಂಜಿನ್ ಅಡಿವೆಯ್ಯನವರು ಪುಣೆಯಿಂದ ತರಿಸಿದ್ದು. ನೀಲಿಯದು ಮೋಟಾರು ಸುಟ್ಟಿದ್ದಕ್ಕೆ ಅಗ್ಗದಲ್ಲಿ ಸಿಕ್ಕದ್ದು. ಹಣೆಗೆ ಭೂತಗನ್ನಡಿ ಕಟ್ಟಿಕೊಂಡು, ಕೂದಲಿನಂಥ ತಂತಿಯನ್ನು ಹನ್ನೊಂದು ದಿನ ಸುತ್ತಿ ಅದಕ್ಕೆ ಜೀವ ಕೊಟ್ಟವರು ಮಿಂಗೇಲ್.

ಅಡಿವೆಯ್ಯನವರಿಗೆ ಅರವತ್ತನಾಲ್ಕು, ಮಿಂಗೇಲ್ ಅವರಿಗೆ ಅರವತ್ತೆರಡು. ಎರಡು ವರ್ಷದ ಈ ಅಂತರಕ್ಕೆ ಒಬ್ಬರು ‘ನೀ’ ಎನ್ನುವುದು, ಇನ್ನೊಬ್ಬರು ‘ರೀ’ ಎನ್ನುವುದು ಊರಿನ ಲೆಕ್ಕದಲ್ಲಿ ಸರಿಯಾಗಿತ್ತು. ಯಾರೂ ಅಳೆದು ನೋಡಿರಲಿಲ್ಲ.

ಆ ಸೋಮವಾರ ನಾಲ್ಕನೆಯವರಾಗಿ ಕೂತಿದ್ದವರು ಮುಂಡಗೋಡ ಕಡೆಯ ಪೂರ್ಣಿಮಾ, ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವವರು. ಕಾಲೇಜಿನ ಪ್ರದರ್ಶನಕ್ಕೆ ಈ ರೈಲನ್ನು ಇಡಿಸಬೇಕೆಂದು ನೋಡಲು ಬಂದಿದ್ದರು. ನೀಲಿಯದು ಕೆಂಪಿನದನ್ನು ಮುಟ್ಟಿದಾಗ ಮೊದಲು ಮಾತಾಡಿದವರು ಅವರೇ.

“ಹಿಡೀತಲ್ರೀ ಸರ್.”

ಅಡಿವೆಯ್ಯನವರು ಕರೆಂಟು ನಿಲ್ಲಿಸಿ, ಅಳತೆಯ ವಹಿ ತೆಗೆದರು. ಕೆಂಪು ಎಂಜಿನ್ನನ್ನು ಮೇ ತಿಂಗಳಲ್ಲಿ ಅವರೇ ಹತ್ತು ಸಲ ಅಳೆದಿದ್ದರು. ಹದಿನಾಲ್ಕು ಬಿಂದು ಒಂಬತ್ತು, ಹದಿನೈದು ಬಿಂದು ಒಂದು, ಹದಿನೈದು, ಸರಾಸರಿ ಹದಿನೈದು. ನೀಲಿಯದನ್ನು ಹೋದ ವಾರ, ಅಡಿವೆಯ್ಯನವರು ಬೀಗರ ಮನೆಗೆ ಹೋಗಿದ್ದಾಗ, ಮಿಂಗೇಲ್ ಒಬ್ಬರೇ ಅಳೆದು ಬರೆದಿದ್ದರು. ಹತ್ತು ಸಾಲು. ಹತ್ತರಲ್ಲೂ ಹದಿನೈದು ಬಿಂದು ಸೊನ್ನೆ.

“ಅಲ್ಲೋ ಮಿಂಗೇಲ್, ಹತ್ತೂ ಸಲ ಹದಿನೈದು ಬಿಂದು ಸೊನ್ನಿ?”

“ಹೂನ್ರಿ. ಹಂಗ ಬಂತು.”

“ಹಂಗ ಹೆಂಗ ಬರತೈತಿ? ನಾ ಮೂವತ್ತೊಂದು ವರ್ಷ ಅಳತಿ ತಗದಾಂವ. ಹತ್ತು ಸಲ ಅಳದ್ರ ಹತ್ತು ಬ್ಯಾರೆ ಬರಬೇಕು. ಹತ್ತೂ ಒಂದ ಬಂತಂದ್ರ ಅದು ಅಳದದ್ದಲ್ಲ, ಕುಂತು ಬರದದ್ದು.”

ಮಿಂಗೇಲ್ ಹಣೆಯ ಮೇಲಿನ ಭೂತಗನ್ನಡಿಯ ಪಟ್ಟಿಯನ್ನು ಬಿಚ್ಚಿದರು.

“ನಾ ನೋಡದ ಬರಿಯಂಗಿಲ್ರಿ ಸಾಹೇಬ್ರ.”

“ಮತ್ತ ಇದು ಹೆಂಗ ಹೋಗಿ ಗುದ್ದೀತು? ನೋಡಿದ್ದರ ಗುದ್ದತಿತ್ತೇನು?”

“ಇರಲಿ ಬಿಡ್ರಿ ಸರ್,” ಎಂದರು ಪೂರ್ಣಿಮಾ, “ನೂರಕ್ಕ ಒಂದರಷ್ಟು ಫರಕು. ನಮ್ಮ ಹುಡುಗರ ಪ್ರಾಕ್ಟಿಕಲ್‌ನ್ಯಾಗ ನೂರಕ್ಕ ಇಪ್ಪತ್ತು ಬರತೈತಿ, ನಾವು ಮಾರ್ಕ್ಸ ಕೊಡತೇವಿ.”

ಇದರಿಂದ ಯಾರಿಗೂ ಸಮಾಧಾನವಾಗಲಿಲ್ಲ. ಮಿಂಗೇಲ್ ಭೂತಗನ್ನಡಿಯನ್ನು ನೀಲಿ ಎಂಜಿನ್ನಿನ ಪಕ್ಕಕ್ಕೆ ಇಟ್ಟು, ಬಾಗಿಲ ಹತ್ತಿರ ಹೋಗಿ, “ಆರೂವರಿ ಬಸ್ಸಿಗೆ ಹೋಗ್ತೇನ್ರಿ ಅಕ್ಕಾರ” ಎಂದು ಶಾಂತಾದೇವಿಗೆ ಹೇಳಿದರು. ಆಗ ಗಂಟೆ ನಾಲ್ಕೂವರೆ. ಹೊರಗೆ ಜಡಿಮಳೆ. ಛತ್ರಿ ಬಾಗಿಲ ಹಿಂದೆಯೇ ಉಳಿಯಿತು.

ಮೂರನೆಯ ಸೋಮವಾರ ಮಿಂಗೇಲ್ ಬರಲಿಲ್ಲ. ಎರಡು ಗಂಟೆಗೆ ಬಾಗಿಲು ತೆರೆದಿಟ್ಟಿದ್ದ ಅಡಿವೆಯ್ಯನವರು ಮೂರು ಗಂಟೆಗೆ ಫೋನು ಮಾಡಿದರು. ಎತ್ತಿದವರು ಮಿಂಗೇಲ್ ಅವರ ಹೆಂಡತಿ ಮಾರ್ಗರೀಟಾ.

“ಮಿಂಗೇಲ್ ಅದಾನೇನವಾ?”

“ಅದಾರ್ರಿ. ಇಲ್ಲೇ ಬಾಜೂಕ ಕುಂತಾರ. ಮನ್ಯಾಗ ಇಲ್ಲ ಅಂತ ಹೇಳು ಅಂದಾರ. ನಾ ಸುಳ್ಳ ಹೇಳಂಗಿಲ್ಲ ಅಂದೆ. ಹಂಗಾರ ಮಾತಾಡಂಗಿಲ್ಲ ಅಂತ ಹೇಳು ಅಂದ್ರು. ಹೇಳೇನಿ ನೋಡ್ರಿ.”

ಫೋನು ಇಟ್ಟಾಯಿತು. ಶ್ರಾವಣ ಸೋಮವಾರದ ಉಪವಾಸದಲ್ಲಿದ್ದ ಅಡಿವೆಯ್ಯನವರು ಎರಡು ಸಲ ಕೋಣೆಯ ಉದ್ದಕ್ಕೂ ಹೋಗಿ ಬಂದರು. ಶಾಂತಾದೇವಿ ಸಾಬೂದಾಣಿ ಆರಿಸುತ್ತ ಕೂತಿದ್ದರು.

“ಅಂವ ಆವತ್ತ ಅಳದಾನ್ರಿ,” ಎಂದರು ತಲೆ ಎತ್ತದೆ. “ಎರಡ ತಾಸು ಹೊಟ್ಟಿ ಮ್ಯಾಲ ಮಲಗಿ, ಕಣ್ಣ ಹಳಿಗೆ ಹಚ್ಚಿ ನೋಡಿದ್ದ. ನಾ ಚಹಾ ಕೊಟ್ಟೇನಿ, ಅದು ಆರಿ ಹೋತು, ಮತ್ತೊಮ್ಮೆ ಕೊಟ್ಟೇನಿ.”

“ಇದನ್ನ ಆವತ್ತ ಯಾಕ ಹೇಳಲಿಲ್ಲ?”

“ನೀವು ಕೇಳಿದ್ರೇನು? ನೀವು ಹೇಳಿದ್ರಿ.” ಒಂದು ಕಲ್ಲು ಸಿಕ್ಕಿತು, ಬದಿಗೆ ಎಸೆದರು. “ಅಂವನ ಕಟ್ಟಿಗಿ ಸುದ್ದಿ ಮರತ್ರೇನು? ಇದ ಕೋಣ್ಯಾಗ ಕುಂತು ನಿಮಗ ಹೇಳಿದ್ದ.”

ಮರೆತಿರಲಿಲ್ಲ, ತೊಂದರೆ ಅದೇ ಆಗಿತ್ತು. ಇಪ್ಪತ್ತೆರಡು ವರ್ಷದ ಹಿಂದೆ ಮಿಂಗೇಲ್ ಜೊಯಿಡಾ ಕಡೆಯ ಕಟ್ಟಿಗೆ ವ್ಯಾಪಾರಿಯೊಬ್ಬನ ಅಡ್ಡೆಯಲ್ಲಿ ಲಾರಿ ತೂಕ ಬರೆಯುವ ಕೆಲಸದಲ್ಲಿದ್ದರು. ಒಂದು ಮಳೆಗಾಲ, ಇಲ್ಲಿ ಬರೆದ ತೂಕ ಬಯಲುಸೀಮೆಯ ಊರಲ್ಲಿ ಇಳಿಸುವಾಗ ಕಡಿಮೆ ಬಂತು. ಒಂದು ಲಾರಿಯಲ್ಲ, ಆರು. ‘ತೂಗದ ಬರದಾನ’ ಎಂದು ಹಮಾಲರೆಲ್ಲರ ಮುಂದೆ ಹೇಳಿ ಅದೇ ಸಂಜೆ ಕಳಿಸಿದರು. ಮಳೆಯಲ್ಲಿ ನೆನೆದ ಕಟ್ಟಿಗೆ ಭಾರವಾಗಿರುತ್ತದೆ, ಬಯಲುಸೀಮೆಯ ಬಿಸಿಲಿಗೆ ನಾಲ್ಕು ದಿನ ನಿಂತರೆ ಹಗುರಾಗುತ್ತದೆ ಎಂಬುದು ದೀಪಾವಳಿಯ ಹೊತ್ತಿಗೆ ಯಾರಿಗೋ ಹೊಳೆಯಿತು. ಹೊಳೆದವರು ಅದನ್ನು ತಮ್ಮಲ್ಲೇ ಇಟ್ಟುಕೊಂಡರು. ಹಮಾಲರನ್ನು ಮತ್ತೆ ಕೂಡಿಸಿ ಹೇಳಲು ಯಾರಿಗೂ ಪುರಸೊತ್ತಾಗಲಿಲ್ಲ. ಮಿಂಗೇಲ್ ಅಂಬಿಕಾನಗರದಲ್ಲಿ ಗುತ್ತಿಗೆದಾರನ ಕೈಕೆಳಗೆ ತಂತಿ ಹೊತ್ತು, ಮೋಟಾರು ಸುತ್ತುವುದನ್ನು ನೋಡಿ ನೋಡಿ ಕಲಿತರು. ಅಂದಿನಿಂದ ಅವರು ಯಾವ ಸಂಖ್ಯೆಯನ್ನೂ ಮೂರು ಸಲ ನೋಡದೆ ಬರೆಯುವವರಲ್ಲ. ಹತ್ತು ಸಲವೂ ಹದಿನೈದು ಬಂದದ್ದಕ್ಕೆ ಕಾರಣ ಅದೇ ಇರಬಹುದು ಎಂಬುದು ಅಡಿವೆಯ್ಯನವರಿಗೆ ಈಗ, ಸಾಬೂದಾಣಿಯ ಮುಂದೆ, ತೋಚಿತು.

ಎದ್ದು ಹೋಗಿ ಪಟ್ಟಿ ಹಾಸಿದರು.

ಈ ಪಟ್ಟಿಯ ಬಗ್ಗೆ ಹೇಳಬೇಕು. ಕಾಗದದ ಯಂತ್ರದಿಂದ ಇಳಿಯುವ ದೊಡ್ಡ ಸುರುಳಿಯಿಂದ ಅಡ್ಡಗಲಕ್ಕೆ ಕೊಯ್ದ ಒಂದು ಪಟ್ಟಿ ಪ್ರತಿ ಪಾಳಿಯಲ್ಲೂ ಪರೀಕ್ಷೆಗೆ ಬರುತ್ತದೆ. ನಿವೃತ್ತಿಯ ದಿನ ಬಂದದ್ದನ್ನು ಅಡಿವೆಯ್ಯನವರು, ಪ್ರಯೋಗಾಲಯದ ತಣ್ಣನೆಯ ಒಣ ಕೋಣೆಯಲ್ಲಿ ಕೂತು, ಕೂದಲೆಳೆ ತಪ್ಪದಂತೆ ಮೂರು ಮೀಟರಿಗೆ ಕತ್ತರಿಸಿ ಮನೆಗೆ ತಂದಿದ್ದರು. ಅಂದು ಕೊಟ್ಟ ಗಡಿಯಾರ ನಿಂತುಹೋಗಿದೆ, ಶಾಲಿಗೆ ನುಸಿ ಹತ್ತಿದೆ. ಪಟ್ಟಿ ಮಾತ್ರ ಸುರುಳಿಯಾಗಿ ಕಪಾಟಿನಲ್ಲಿತ್ತು. ರೈಲಿನ ಎಲ್ಲ ಅಳತೆಯೂ ಅದರಲ್ಲೇ. ಉಕ್ಕಿನ ಟೇಪು ತರೋಣವೆಂದು ಮಿಂಗೇಲ್ ಒಮ್ಮೆ ಅಂದಾಗ, “ಬಡಗ್ಯಾರ ಟೇಪಿನ ಕೊಕ್ಕಿ ಅಲಗಾಡತೈತಿ. ಇದು ಲ್ಯಾಬಿಂದು” ಎಂದು ಬಾಯಿ ಮುಚ್ಚಿಸಿದ್ದರು. ಜೂನ್‌ನಲ್ಲಿ ಸೂರು ಸೋರಿ, ಹಲಗೆಗೆಲ್ಲ ಹೊಸದಾಗಿ ಬಣ್ಣ ಬಳಿದಾಗ ಮೇ ತಿಂಗಳ ಗುರುತುಗಳು ಅಳಿಸಿಹೋಗಿದ್ದವು. ಮಿಂಗೇಲ್ ಇದೇ ಪಟ್ಟಿ ಹಾಸಿ ಹೊಸ ಗುರುತು ಹಾಕಿದ್ದರು.

ಅಡಿವೆಯ್ಯನವರು ಹೊಟ್ಟೆಯ ಮೇಲೆ ಮಲಗಿದರು. ನೀಲಿ ಎಂಜಿನ್ ಬಿಟ್ಟರು. ಹದಿನೈದು ಬಿಂದು ಸೊನ್ನೆ. ಮತ್ತೆ ಬಿಟ್ಟರು. ಹದಿನೈದು ಬಿಂದು ಸೊನ್ನೆ. ಏಳನೆಯ ಸಲಕ್ಕೆ ಎಣಿಸುವುದನ್ನು ಬಿಟ್ಟು, ಗಲ್ಲವನ್ನು ಹಲಗೆಗೆ ಊರಿ ಸ್ವಲ್ಪ ಹೊತ್ತು ಹಾಗೇ ಮಲಗಿದ್ದರು. ಅಷ್ಟು ಒಳ್ಳೆಯ ಕೈಯವರು ಸುತ್ತಿದ ಮೋಟಾರು ಅಷ್ಟು ಸಮನಾಗಿ ಓಡುತ್ತದೆಂದು ತಿಳಿಯಲು ಮೂವತ್ತೊಂದು ವರ್ಷದ ಅನುಭವ ಅಡ್ಡ ಬಂದಿತ್ತು.

ಆಮೇಲೆ ಕೆಂಪು ಎಂಜಿನ್ ಬಿಟ್ಟರು. ಸರಾಸರಿ ಹದಿನೈದು ಬಿಂದು ಒಂದು ಐದು ಬಂತು. ಮೇ ತಿಂಗಳಲ್ಲಿ ಹದಿನೈದಿತ್ತು. ಗಾಲಿ ಒರೆಸಿದರು, ಎಣ್ಣೆ ಹಾಕಿದರು, ಅರ್ಧ ತಾಸು ಓಡಿಸಿ ಬಿಸಿ ಮಾಡಿದರು. ಸಂಖ್ಯೆ ಜಗ್ಗಲಿಲ್ಲ.

ಮಾರನೆಯ ದಿನ, ಮಂಗಳವಾರ, ಛತ್ರಿ ಹಿಡಿದು ಹಳಿಯಾಳದ ಬಸ್ಸು ಹತ್ತಿದರು. ಅದು ಮಿಂಗೇಲ್ ಅವರ ಛತ್ರಿ.

ಅಂಗಡಿಯಲ್ಲಿ ಮಿಂಗೇಲ್ ಗಿರಣಿಯ ಮೋಟಾರೊಂದನ್ನು ತೊಡೆಯ ನಡುವೆ ಇಟ್ಟುಕೊಂಡು ತಂತಿ ತುಂಬುತ್ತಿದ್ದರು. ತಲೆ ಎತ್ತಿ ನೋಡಿದರು, ಸ್ಟೂಲನ್ನು ಕಾಲಿನಿಂದ ಈಚೆ ನೂಕಿದರು, ಮತ್ತೆ ತಂತಿಗೆ ಹೋದರು. ತುಟಿ ಅಲುಗುತ್ತಿತ್ತು, ಸುತ್ತು ಎಣಿಸುತ್ತಿದ್ದರು. ಅಡಿವೆಯ್ಯನವರು ನೂರ ಹತ್ತರವರೆಗೆ ಕಾದರು.

“ನಿನ್ನ ನಂಬರ ಖರೇ ಐತಿ,” ಎಂದರು ಕೊನೆಗೆ. “ನಾ ಅಳದೆ. ಹದಿನೈದ ಐತಿ.”

“ನನಗ ಗೊತ್ತೈತ್ರಿ.”

“ಕೆಂಪಂದು ನಿಧಾನ ಆಗೈತಿ. ಅದರಾಗ ಏನೋ ದೋಷ. ತಪ್ಪು ನಿಂದಲ್ಲ, ಎಂಜಿನ್ನಿಂದು.”

ಮಿಂಗೇಲ್ ತಂತಿಯನ್ನು ಹಲ್ಲಿನಲ್ಲಿ ಕಚ್ಚಿ ಗಂಟು ಹಾಕಿದರು. “ಎಂಜಿನ್ ಪಾಪ ಮಾತಾಡಂಗಿಲ್ಲ. ಅದರ ಮ್ಯಾಲ ಹಾಕಿದ್ರ ನಡೀತೈತಿ.” ಗಂಟನ್ನು ಎಳೆದು ನೋಡಿದರು. “ಪಟ್ಟಿ ಅಳದ್ರೇನ್ರಿ ಸಾಹೇಬ್ರ?”

“ಪಟ್ಟಿ? ಪಟ್ಟೀನ ಏನ ಅಳಿಯೂದು? ಅಳಿಯೂ ಪಟ್ಟಿ ಅದು!”

“ನನ್ನ ಕಟ್ಟಿಗಿ ಮಳ್ಯಾಗ ನೀರು ಕುಡೀತು, ಭಾರ ಆತು. ಶ್ರಾವಣ ಸೋಮವಾರ ನೀವು ಉಪಾಸ ಇರ್ತೀರಿ. ನಿಮ್ಮ ಕಾಗದನೂ ಇರ್ತೈತೇನು?”

ಅಡಿವೆಯ್ಯನವರ ಕಿವಿ ಕೆಂಪಾಯಿತು. “ಕಾಗದದ ವಿಷಯ ನನಗ ಕಲಿಸಬ್ಯಾಡ ನೀ” ಎಂದು ಎದ್ದರು. ಛತ್ರಿಯನ್ನು ಸ್ಟೂಲಿಗೆ ಒರಗಿಸಿದರು.

“ಸಾಹೇಬ್ರ,” ಎಂದರು ಮಿಂಗೇಲ್ ಹಿಂದಿನಿಂದ. ದನಿ ಏರಿರಲಿಲ್ಲ. “ನೀವು ಆ ಮಾತು ಮೇಡಮ್‌ರ ಮುಂದ ಅಂದೀರಿ. ಇಲ್ಲಿ ಬಂದು ಸ್ಟೂಲಿನ ಮ್ಯಾಲ ಕುಂತು ತಿರುಗಿಸಿದ್ರ ಆಗಂಗಿಲ್ಲ. ಯಾರ ಮುಂದ ಅಂದೀರಿ, ಅವರ ಮುಂದ ಅನ್ರಿ. ಒಮ್ಮೆ ಯಾರೂ ಅನಲಿಲ್ಲ. ಇನ್ನೊಮ್ಮೆ ನನಗ ತಾಕತ್ತಿಲ್ಲ.”

ಬಸ್ಸಿನಲ್ಲಿ ಕಿಟಕಿ ಮುಚ್ಚುತ್ತಿರಲಿಲ್ಲ. ಕಂಡಕ್ಟರು ಕೊಟ್ಟ ಟಿಕೇಟನ್ನು ಅಡಿವೆಯ್ಯನವರು ರೂಢಿಯಂತೆ ಹೆಬ್ಬೆರಳು ತೋರುಬೆರಳುಗಳ ನಡುವೆ ಉಜ್ಜಿದರು. ಟಿಕೇಟು ಎಲೆಯಂತೆ ಮೆತ್ತಗಾಗಿತ್ತು. ಇನ್ನೊಮ್ಮೆ ಉಜ್ಜಿದರು. ಕಾಗದದ ನಾರು ನೀರು ಕುಡಿದರೆ ದಪ್ಪಕ್ಕೆ ಉಬ್ಬುತ್ತದೆ, ಉದ್ದಕ್ಕೆ ಬೆಳೆಯುವುದು ಅತ್ಯಲ್ಪ. ನಾರುಗಳು ಯಂತ್ರ ಓಡುವ ದಿಕ್ಕಿಗೆ ಮಲಗಿರುತ್ತವೆ. ಆದ್ದರಿಂದ ಅಡ್ಡಕ್ಕೆ ಕೊಯ್ದ ಕಾಗದ ಮಳೆಗಾಲದಲ್ಲಿ ಬೆಳೆಯುತ್ತದೆ. ಪ್ರಯೋಗಾಲಯಕ್ಕೆ ಬಂದ ಪ್ರತಿಯೊಬ್ಬ ಹೊಸಬನಿಗೂ ಮೊದಲ ದಿನ ಅವರು ಹೇಳಿಕೊಡುತ್ತಿದ್ದ ಪಾಠ ಇದು. ಒಣ ಕೋಣೆ ಇದ್ದದ್ದೇ ಇದಕ್ಕಾಗಿ. ಎಷ್ಟು ಹೊಸಬರು ಬಂದಿದ್ದರೆಂದು ಎಣಿಸತೊಡಗಿದರು. ದಾಂಡೇಲಿ ಬರುವವರೆಗೂ ಎಣಿಕೆ ಮುಗಿಯಲಿಲ್ಲ.

ಇಳಿದವರೇ ಬಡಗಿ ಶೇಖಪ್ಪನ ಅಂಗಡಿಗೆ ಹೋಗಿ ಉಕ್ಕಿನ ಟೇಪು ಕೇಳಿದರು.

“ನಿಮಗ್ಯಾಕ್ರಿ ಟೇಪು?” ಎಂದ ಶೇಖಪ್ಪ. “ಕೊಕ್ಕಿ ಅಲಗಾಡತೈತಲ್ಲ?”

“ಅಲಗಾಡ್ಲಿ ಕೊಡು.”

ಪಟ್ಟಿಯ ಒಂದು ತುದಿಯನ್ನು ಶಾಂತಾದೇವಿ ಹಿಡಿದರು. ಮೂರು ಮೀಟರು, ಮೂರು ಸೆಂಟಿಮೀಟರು. ಅಡಿವೆಯ್ಯನವರು ಕೊಕ್ಕೆಯನ್ನು ಬಿಟ್ಟು, ಹತ್ತು ಸೆಂಟಿಮೀಟರಿನ ಗೆರೆಯಿಂದ ಮತ್ತೆ ಹಿಡಿದು ಅಳೆದರು. ಅಷ್ಟೇ ಬಂತು. ಕಣ್ಣಿಗೆ ಕಾಣುವಷ್ಟು, ಎರಡು ಬೆರಳಿನ ಅಗಲ. ನೀಲಿ ಎಂಜಿನ್ ಆ ಎರಡು ಬೆರಳನ್ನು ಪ್ರಾಮಾಣಿಕವಾಗಿ ಹದಿನೈದು ಸೆಕೆಂಡಿನೊಳಗೇ ಓಡಿ ಮುಗಿಸುತ್ತಿತ್ತು.

“ಫೋನ ಹಚ್ರಿ,” ಎಂದರು ಶಾಂತಾದೇವಿ.

ಪೂರ್ಣಿಮಾ ಅವರಿಗೆ ಮೊದಲು ಹಚ್ಚಿದರು. ಮಾರ್ಗರೀಟಾ ಅವರಿಗೆ ಆಮೇಲೆ.

ನಾಲ್ಕನೆಯ ಸೋಮವಾರ ಎರಡು ಗಂಟೆಗೆ ಮಿಂಗೇಲ್ ಬಂದರು. ಛತ್ರಿಯನ್ನು ಬಾಗಿಲ ಹಿಂದೆ ಇಡದೆ ಕೈಯಲ್ಲೇ ಹಿಡಿದುಕೊಂಡು ಕೂತರು. ಪೂರ್ಣಿಮಾ ಆಗಲೇ ಕೂತಿದ್ದರು. ಅಡಿವೆಯ್ಯನವರು ಕೂರಲಿಲ್ಲ. ನಿವೃತ್ತಿಯ ದಿನದ ಭಾಷಣಕ್ಕೂ ಅವರು ಇಷ್ಟು ನೆಟ್ಟಗೆ ನಿಂತಿರಲಿಲ್ಲ.

“ಮೇಡಮ್, ಆವತ್ತ ನಿಮ್ಮ ಮುಂದ ನಾ ಒಂದ ಮಾತ ಅಂದಿದ್ದೆ. ಇವರು ಅಳೀಲಾರದ ಬರದಾರ ಅಂತ. ಇವರು ಅಳದಿದ್ರು. ಇವರ ಅಳತಿ ಸರಿ ಐತಿ. ನನ್ನ ಪಟ್ಟಿ ತಪ್ಪೈತಿ. ಮಳ್ಯಾಗ ಬೆಳದೈತಿ. ಅಡ್ಡ ಕೊಯ್ದ ಕಾಗದ ಬೆಳೀತೈತಿ ಅಂತ ನನಗ ಗೊತ್ತಿತ್ತು, ಗೊತ್ತಿದ್ದೂ ನೋಡಲಿಲ್ಲ. ನೋಡಲಾರದ ಅಂದಾಂವ ನಾನು.” ಮಿಂಗೇಲ್ ಕಡೆ ತಿರುಗಿದರು. “ಮಿಂಗೇಲಣ್ಣಾರ, ತಪ್ಪಾತ್ರಿ.”

ಪೂರ್ಣಿಮಾ ಈ ಸಲ ಶೇಕಡಾವಾರು ತರಲಿಲ್ಲ. ಮಿಂಗೇಲ್ ಛತ್ರಿಯನ್ನು ಬದಿಗೆ ಇಟ್ಟರು.

“ರೀ ಬ್ಯಾಡ್ರಿ ಸಾಹೇಬ್ರ,” ಎಂದರು. “ಕಿವಿಗೆ ಭಾರ ಆಗತೈತಿ. ಬರೀರಿ.”

“ಏನು?”

“ಈಗ ಅಂದದ್ದು. ವಹಿಯೊಳಗ.”

ಅಡಿವೆಯ್ಯನವರು ಆ ಹತ್ತು ಸಾಲುಗಳ ಕೆಳಗೆ ಬರೆದರು: ‘ಅಳತೆ ಸರಿ. ಪಟ್ಟಿ ತಪ್ಪು.’ ತಾರೀಖು ಹಾಕಿ ಸಹಿ ಮಾಡಿದರು. ಮಿಂಗೇಲ್ ಅದನ್ನು ಮೂರು ಸಲ ಓದಿ, ವಹಿ ಮುಚ್ಚಿ, ಹಣೆಗೆ ಭೂತಗನ್ನಡಿ ಕಟ್ಟಿಕೊಂಡರು.

ಶೇಖಪ್ಪನ ಟೇಪಿನಿಂದ ಹೊಸ ಗುರುತು ಹಾಕಿದರು. ಮತ್ತೆ ಹೊಂದಿಸುವಾಗ ಒಂದು ತೊಡಕು ಬಂತು. ಸರಿಯಾದ ಮೂರು ಮೀಟರನ್ನು ಕೆಂಪಿನದು ಹದಿನೈದು ಸೆಕೆಂಡಿಗೇ ಓಡುತ್ತಿತ್ತು, ನೀಲಿಯದು ಅದಕ್ಕಿಂತ ಜೋರು. ಕೆಂಪಿನದರ ಸಂಖ್ಯೆ ಆಗಲೇ ತುತ್ತತುದಿಯಲ್ಲಿತ್ತು, ಇನ್ನು ಏರಿಸಲು ಜಾಗವಿರಲಿಲ್ಲ. ನಿಧಾನದ್ದನ್ನು ಜೋರು ಮಾಡಲು ಬರುವುದಿಲ್ಲ, ಜೋರಿನದನ್ನೇ ಇಳಿಸಬೇಕು. ಅಡಿವೆಯ್ಯನವರು ಗುಂಡಿಯ ಮೇಲೆ ಬೆರಳಿಟ್ಟುಕೊಂಡು ತಡೆದರು.

“ತಪ್ಪು ನಂದು. ಇಳಿಯೂದು ನಿಂದು. ಇದು ಹೆಂಗ?”

“ಅದು ಯಾವಾಗ್ಲೂ ಹಂಗ ಐತ್ರಿ,” ಎಂದರು ಮಿಂಗೇಲ್. “ಎರಡ ನಂಬರ ಇಳಸ್ರಿ. ಆಮ್ಯಾಲ ನೋಡೂಣು.”

ಎರಡು ಇಳಿಸಿದರು. ಸಾಲಲಿಲ್ಲ, ಇನ್ನೊಂದು ಇಳಿಸಿದರು. ಎಂಜಿನ್‌ಗಳನ್ನು ಎದುರುಬದುರು ಇಟ್ಟು ಮೂರು ನಲವತ್ತಕ್ಕೆ ಬಿಟ್ಟರು. ಶಾಂತಾದೇವಿ ಚಹಾ ತಂದರು. ಈ ಸಲ ಯಾರದೂ ಆರಲಿಲ್ಲ. ಉಪವಾಸದ ಅಡಿವೆಯ್ಯನವರೂ ಒಂದು ಕಪ್ಪು ಕುಡಿದರು. ನಾಲ್ಕು ನಲವತ್ತಕ್ಕೆ ಕರೆಂಟು ನಿಲ್ಲಿಸಿದರು.

ಎಂಬತ್ತನಾಲ್ಕು ಸುತ್ತಾಗಿದ್ದವು. ಅಂತರ ಬದಲಾಗಿರಲಿಲ್ಲ.